ಕೊರಳಲ್ಲಿ ತೂಗುವ ವಾಯುಮಾಪಕ: ಅಂಕಿ ಎಷ್ಟು, ಅಳತೆ ಎಷ್ಟು?

ವಯಸ್ಕ ವ್ಯಕ್ತಿಯೊಬ್ಬ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಉಸಿರಾಡುತ್ತಾನೆ. ಕುಡಿಯುವ ನೀರು ಬಗ್ಗಡವಾಗಿದ್ದರೆ ಸೋಸಬಹುದು, ಸಂಶಯವಿದ್ದರೆ ಕುದಿಸಬಹುದು. ಅನ್ನ ಹಳಸಿದ್ದರೆ ಮೂಗೇ ಹೇಳುತ್ತದೆ. ಗಾಳಿಯ ವಿಷಯದಲ್ಲಿ ಈ ಸೌಲಭ್ಯ ನಮಗಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಿರಿದು. ಅವು ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಈ ಕ್ಷಣ ನಾವು ಎಳೆದುಕೊಳ್ಳುತ್ತಿರುವ ಗಾಳಿ ಹೇಗಿದೆ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರವಾಗಿ ಮಾರುಕಟ್ಟೆಗೆ ಬಂದಿರುವುದು ಮೈಮೇಲೆ ಧರಿಸುವ ವಾಯು ಗುಣಮಾಪಕ. ಪ್ಯಾರಿಸ್‌ನ ಪ್ಲೂಮ್ ಲ್ಯಾಬ್ಸ್ ಎಂಬ ಕಂಪನಿ ಹೊರತಂದ 'ಫ್ಲೋ', ಕೈಚೀಲಕ್ಕೆ ಸಿಕ್ಕಿಸಿಕೊಳ್ಳಬಹುದಾದ 'ಆಟ್ಮೋಟ್ಯೂಬ್' ಮೊದಲಾದವು ಈ ಬಗೆಯವು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪೆಟ್ಟಿಗೆ; ಅದರೊಳಗೆ ಸಂವೇದಕಗಳು; ಹೊರಗೆ ಹಸಿರಿನಿಂದ ಕೆಂಪಿಗೆ ಬಣ್ಣ ಬದಲಿಸುವ ದೀಪ; ಮೊಬೈಲ್ ಫೋನಿನ ತೆರೆಯ ಮೇಲೆ ಒಂದು ಅಂಕಿ. 'ನಿಮ್ಮ ಸುತ್ತಲಿನ ಗಾಳಿಯನ್ನು ಅರಿಯಿರಿ, ಆರೋಗ್ಯ ಕಾಪಾಡಿಕೊಳ್ಳಿ' ಎಂಬುದು ಇಂಥ ಎಲ್ಲ ಸಾಧನಗಳ ಜಾಹೀರಾತಿನ ಸಾರ.

ಈ ವಾಕ್ಯದಲ್ಲಿ ಎರಡು ಭಾಗಗಳಿವೆ. ಗಾಳಿಯನ್ನು ಅರಿಯುವುದು ಒಂದು, ಆರೋಗ್ಯ ಕಾಪಾಡಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಸಾಧನ ಎಷ್ಟರ ಮಟ್ಟಿಗೆ ಮಾಡುತ್ತದೆ? ಎರಡನೆಯದನ್ನು ಹೇಳಲು ಅದಕ್ಕೆ ಅಧಿಕಾರವಿದೆಯೆ? ಉಬ್ಬಸದ ಮಗುವಿನ ತಾಯಿಯೊಬ್ಬಳು ಹಸಿರು ದೀಪವನ್ನು ನೋಡಿ ಮಗುವನ್ನು ಆಟಕ್ಕೆ ಕಳಿಸುವ ಕಾಲ ಬಂದಿರುವಾಗ ಈ ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ.

ಕಲ್ಪನೆ ಸರಿಯಾದದ್ದೇ

ಮೊದಲು ಸಾಧನದ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡೋಣ. ನಗರಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರಗಳಿವೆ. ಅವು ನಿಂತಲ್ಲೇ ನಿಂತಿರುತ್ತವೆ. ಮನುಷ್ಯ ಹಾಗಲ್ಲ. ಅಡುಗೆಮನೆ, ಬಸ್ಸು, ತರಗತಿ, ಕಾರ್ಖಾನೆ, ಮಾರುಕಟ್ಟೆ ಎಂದು ದಿನವಿಡೀ ಸುತ್ತುತ್ತಾನೆ. ದಿನದ ಬಹುಪಾಲು ಕಳೆಯುವುದು ಸೂರಿನ ಕೆಳಗೆ. ಕೇಂದ್ರದ ಅಂಕಿ ಊರಿನ ಗಾಳಿಯನ್ನು ಹೇಳುತ್ತದೆಯೇ ಹೊರತು ಒಬ್ಬೊಬ್ಬನ ಮೂಗಿನ ಮುಂದಿನ ಗಾಳಿಯನ್ನಲ್ಲ.

ಇದು ಬರೀ ಊಹೆಯಲ್ಲ. 1990ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ನಗರದಲ್ಲಿ 178 ಜನರ ಮೈಗೆ ಪುಟ್ಟ ಪಂಪು ಮತ್ತು ಸೋಸುಕಾಗದ ಕಟ್ಟಿ, ಅವರು ಉಸಿರಾಡುವ ಗಾಳಿಯ ದೂಳನ್ನು ಸಂಗ್ರಹಿಸಿ ತೂಗಲಾಯಿತು. ಅದೇ ಹೊತ್ತಿನಲ್ಲಿ ಅವರ ಮನೆಗಳ ಒಳಗೂ ಹೊರಗೂ ಅಳತೆ ನಡೆಯಿತು. ಹಗಲಿನಲ್ಲಿ ಮನೆಯ ಒಳಗೂ ಹೊರಗೂ ಸರಾಸರಿ ದೂಳು ಘನಮೀಟರಿಗೆ ಸುಮಾರು 95 ಮೈಕ್ರೊಗ್ರಾಮ್ ಇದ್ದರೆ ಜನರ ಮೈಮೇಲಿನ ಉಪಕರಣಗಳಲ್ಲಿ ಅದು ಸುಮಾರು 150 ಇತ್ತು! ಗುಡಿಸುವಾಗ, ಅಡುಗೆ ಮಾಡುವಾಗ, ಬಟ್ಟೆ ಕೊಡವುವಾಗ, ಸುಮ್ಮನೆ ಓಡಾಡುವಾಗ ಕೂಡ ನಾವು ದೂಳೆಬ್ಬಿಸುತ್ತೇವೆ. ಪ್ರತಿಯೊಬ್ಬರೂ ತಮ್ಮದೇ ಆದ ಒಂದು ದೂಳಿನ ಮೋಡವನ್ನು ಹೊತ್ತು ನಡೆಯುತ್ತಾರೆ ಎಂದು ವಿಜ್ಞಾನಿಗಳು ಇದನ್ನು ವರ್ಣಿಸಿದರು.

ಆದ್ದರಿಂದ ಅಳತೆಯನ್ನು ಮನುಷ್ಯನ ಬಳಿಗೆ ಒಯ್ಯಬೇಕು ಎಂಬ ಕಲ್ಪನೆಯಲ್ಲಿ ತಪ್ಪಿಲ್ಲ. ತಕರಾರು ಇರುವುದು, ಆ ಅಳತೆಯನ್ನು ಅಗ್ಗದ ಪೆಟ್ಟಿಗೆ ಹೇಗೆ ಮಾಡುತ್ತದೆ ಮತ್ತು ಮಾಡಿದ್ದನ್ನು ಹೇಗೆ ಹೇಳುತ್ತದೆ ಎಂಬುದರಲ್ಲಿ.

ತೂಗುವುದಿಲ್ಲ, ನೋಡುತ್ತದೆ

ಗಾಳಿಯಲ್ಲಿನ ಕಣಗಳಲ್ಲಿ ಆರೋಗ್ಯದ ದೃಷ್ಟಿಯಿಂದ ಮುಖ್ಯವಾದವು 2.5 ಮೈಕ್ರೊಮೀಟರ್ ಮತ್ತು ಅದಕ್ಕಿಂತ ಕಿರಿದಾದ ವ್ಯಾಸದವು. ಇವನ್ನು ಪಿಎಂ 2.5 ಎನ್ನುತ್ತಾರೆ. ಒಂದು ಘನಮೀಟರ್ ಗಾಳಿಯಲ್ಲಿ ಇವುಗಳ ದ್ರವ್ಯರಾಶಿ ಎಷ್ಟು ಮೈಕ್ರೊಗ್ರಾಮ್ ಎಂಬುದೇ ಅಳತೆ. ಅಂದರೆ ಇದು ಮೂಲತಃ ತೂಕದ ಮಾತು.

ಪ್ರಮಾಣಭೂತ ವಿಧಾನದಲ್ಲಿ ಗೊತ್ತಾದಷ್ಟು ಗಾಳಿಯನ್ನು ಸೋಸುಕಾಗದದ ಮೂಲಕ ಎಳೆದು, ಕಾಗದವನ್ನು ಮೊದಲು ಮತ್ತು ಆಮೇಲೆ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ಸ್ವಯಂಚಾಲಿತ ಕೇಂದ್ರಗಳಲ್ಲಿ ಪಟ್ಟಿಯ ಮೇಲೆ ಕೂತ ದೂಳು ಬೀಟಾ ಕಿರಣಗಳನ್ನು ಎಷ್ಟು ತಡೆಯುತ್ತದೆ ಎಂಬುದರಿಂದ ದ್ರವ್ಯರಾಶಿಯನ್ನು ತಿಳಿಯುತ್ತಾರೆ. ಇಂಥ ಕೇಂದ್ರವೊಂದಕ್ಕೆ ಕೋಟಿ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ.

ಧರಿಸುವ ಮಾಪಕ ಇದಾವುದನ್ನೂ ಮಾಡುವುದಿಲ್ಲ. ಹೆಂಚಿನ ಸಂದಿನಿಂದ ಇಳಿಯುವ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ಮಿನುಗುವುದನ್ನು ನೀವು ನೋಡಿದ್ದೀರಲ್ಲವೆ? ಮಾಪಕ ಕೆಲಸ ಮಾಡುವುದು ಅದೇ ತತ್ತ್ವದ ಮೇಲೆ. ಬಿಸಿಲುಕೋಲಿನ ಬದಲು ಲೇಸರ್ ಕಿರಣ, ಕಣ್ಣಿನ ಬದಲು ಫೋಟೊಡಯೋಡ್. ಪುಟ್ಟ ಫ್ಯಾನು ಗಾಳಿಯನ್ನು ಒಳಗೆ ಎಳೆಯುತ್ತದೆ. ಕಣಗಳು ಕಿರಣವನ್ನು ಅಡ್ಡಹಾಯುವಾಗ ಬೆಳಕು ಚದರುತ್ತದೆ. ಚದರಿದ ಬೆಳಕು ವಿದ್ಯುತ್ ಸಂಕೇತವಾಗುತ್ತದೆ. ಆ ಸಂಕೇತದಿಂದ ದ್ರವ್ಯರಾಶಿ ಇಷ್ಟಿರಬಹುದು ಎಂದು ಚಿಪ್ ಲೆಕ್ಕ ಹಾಕುತ್ತದೆ.

'ಇರಬಹುದು' ಎಂಬಲ್ಲಿಯೇ ತೊಡಕು. ಬೆಳಕಿನಿಂದ ತೂಕಕ್ಕೆ ಬರಬೇಕಾದರೆ ಕಣದ ಆಕಾರ, ಬಣ್ಣ, ಸಾಂದ್ರತೆ ಇಂಥದ್ದೇ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಮಣ್ಣಿನ ದೂಳು ಭಾರ, ಡೀಸೆಲ್ ಮಸಿ ಕಪ್ಪು, ಸೌದೆಯ ಹೊಗೆ ಇನ್ನೊಂದು ಬಗೆ. ಮಸಿಯು ಬೆಳಕನ್ನು ಚದರಿಸುವುದರ ಜೊತೆಗೆ ಹೀರಿಕೊಳ್ಳುವುದರಿಂದ ಇರುವುದಕ್ಕಿಂತ ಕಡಿಮೆ ಕಾಣಿಸಿಕೊಳ್ಳಬಹುದು. ಸುಮಾರು 0.3 ಮೈಕ್ರೊಮೀಟರಿಗಿಂತ ಕಿರಿದಾದ ಕಣಗಳು ಇಂಥ ಅಗ್ಗದ ಸಂವೇದಕಗಳ ಕಣ್ಣಿಗೆ ಬಹುಮಟ್ಟಿಗೆ ಬೀಳುವುದೇ ಇಲ್ಲ. ವಾಹನಗಳ ಹೊಗೆಯಲ್ಲಿ ಸಂಖ್ಯೆಯ ದೃಷ್ಟಿಯಿಂದ ಹೆಚ್ಚಿಗೆ ಇರುವವು ಅಂಥ ಕಣಗಳೇ. ಇನ್ನೊಂದು ತುದಿಯಲ್ಲಿ, ರಸ್ತೆಯ ದಪ್ಪ ದೂಳನ್ನು ಹಿಡಿಯುವುದರಲ್ಲೂ ಅವು ಹಿಂದೆ. ತೆರೆಯ ಮೇಲೆ 'ಪಿಎಂ 10' ಎಂದು ಕಾಣುವ ಅಂಕಿ ಎಷ್ಟೋ ಸಲ ಸಣ್ಣ ಕಣಗಳ ಲೆಕ್ಕದಿಂದ ಊಹಿಸಿ ಬರೆದದ್ದಾಗಿರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತಂಟೆ ತೇವಾಂಶದ್ದು. ಉಪ್ಪಿನಂಥ ಗುಣವುಳ್ಳ ಕಣಗಳು ತೇವದ ಗಾಳಿಯಲ್ಲಿ ನೀರು ಹೀರಿ ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದರಿಸುತ್ತದೆ. ಮಾಪಕ ಅದನ್ನು ಹೆಚ್ಚು ದೂಳು ಎಂದು ಓದುತ್ತದೆ. ಮಂಗಳೂರಿನ ಮಳೆಗಾಲದ ಗಾಳಿಯನ್ನೂ ಕಲಬುರಗಿಯ ಬೇಸಿಗೆಯ ಗಾಳಿಯನ್ನೂ ಒಂದೇ ಪೆಟ್ಟಿಗೆಯಿಂದ ಅಳೆದು ಹೋಲಿಸಹೊರಟರೆ ದೂಳಿನ ಜೊತೆಗೆ ನೀರಿನ ಲೆಕ್ಕವೂ ಸೇರಿಬಿಡುತ್ತದೆ.

ತಿದ್ದುಪಡಿ ಎಷ್ಟು ದೊಡ್ಡದಿರಬಲ್ಲದು ಎಂಬುದಕ್ಕೆ ಒಂದು ನಿದರ್ಶನ ನೋಡಿ. 'ಪರ್ಪಲ್ ಏರ್' ಎಂಬುದು ಗೋಡೆಗೆ ಹಾಕುವ ಮಾಪಕ. ಅದರಲ್ಲಿರುವುದೂ ಇದೇ ಬಗೆಯ ಲೇಸರ್ ಸಂವೇದಕ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪ್ರಮಾಣಭೂತ ಉಪಕರಣಗಳ ಪಕ್ಕದಲ್ಲಿಟ್ಟು ಹೋಲಿಸಿ 2021ರಲ್ಲಿ ಈ ಸೂತ್ರವನ್ನು ಪ್ರಕಟಿಸಿದರು:

ಸರಿಪಡಿಸಿದ ಪಿಎಂ 2.5 = (0.524 × ಸಂವೇದಕದ ಅಂಕಿ) − (0.0862 × ಶೇಕಡಾ ಸಾಪೇಕ್ಷ ಆರ್ದ್ರತೆ) + 5.75

ಸಂವೇದಕ 100 ಎಂದು ತೋರಿಸುತ್ತಿದೆ, ಆರ್ದ್ರತೆ ಶೇಕಡಾ 50 ಇದೆ ಎಂದುಕೊಳ್ಳಿ. 52.4ರಿಂದ 4.31 ಕಳೆದು 5.75 ಕೂಡಿದರೆ ಬರುವುದು ಸುಮಾರು 54. ಕಂಡದ್ದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು! ಈ ಸೂತ್ರ ಅಮೆರಿಕದ ಹೊರಾಂಗಣದ ಗಾಳಿಗೆ, ಆ ಒಂದು ಮಾಪಕಕ್ಕೆ ಹೊಂದಿಸಿದ್ದು. ನಮ್ಮ ಊರಿನ ಗಾಳಿಗೆ ಅದನ್ನೇ ಹಾಕುವಂತಿಲ್ಲ. ಇಲ್ಲಿನ ಪ್ರಮಾಣಭೂತ ಕೇಂದ್ರದ ಪಕ್ಕದಲ್ಲಿ ಬೇರೆಯಾಗಿಯೇ ತಾಳೆ ನೋಡಬೇಕು. ಹೀಗೆ ತಾಳೆ ನೋಡಿ ಸರಿಪಡಿಸುವುದನ್ನೇ ಕ್ಯಾಲಿಬ್ರೇಶನ್ ಎನ್ನುವುದು. ಅಂಗಡಿಯ ತಕ್ಕಡಿಗೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿದೆಯೆ ಎಂದು ಕೇಳುವ ನಾವು, ಆರೋಗ್ಯದ ಹೆಸರಿನಲ್ಲಿ ಕೊಳ್ಳುವ ಈ ಸಾಧನವನ್ನು ಯಾರು, ಎಲ್ಲಿ, ಯಾವುದರೊಂದಿಗೆ ತಾಳೆ ನೋಡಿದ್ದಾರೆ ಎಂದು ಕೇಳುವ ರೂಢಿ ಇಟ್ಟುಕೊಂಡಿಲ್ಲ.

ಪರೀಕ್ಷಿಸುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ವಾಯು ನಿರ್ವಹಣಾ ಮಂಡಳಿಯು 2014ರಿಂದ ಅಗ್ಗದ ಸಂವೇದಕಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡುತ್ತಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2021ರಲ್ಲಿ ಇಂಥ ಸಂವೇದಕಗಳ ಪರೀಕ್ಷೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ಆ ಮಾರ್ಗಸೂಚಿ ಬರೆದಿರುವುದು ಹೊರಾಂಗಣದಲ್ಲಿ ಒಂದೇ ಕಡೆ ನಿಲ್ಲಿಸಿದ ಸಂವೇದಕಗಳಿಗಾಗಿ. ಚೀಲದಲ್ಲಿ ಕುಲುಕುತ್ತ, ಬಿಸಿಲಿನಿಂದ ಹವಾನಿಯಂತ್ರಿತ ಕೋಣೆಗೆ ನುಗ್ಗುತ್ತ, ಅರ್ಧ ಹೊತ್ತು ಶಾಲಿನ ಕೆಳಗೆ ಮುಚ್ಚಿಹೋಗುವ ಸಾಧನ ಅದರ ವ್ಯಾಪ್ತಿಗೆ ಬರುವುದಿಲ್ಲ.

ಅನಿಲ ಅಳೆಯುವ ಸಂವೇದಕಗಳ ಗೊಂದಲ

ಬಹಳಷ್ಟು ಮಾಪಕಗಳು ಕಣಗಳ ಜೊತೆಗೆ 'ಆವಿಶೀಲ ಸಾವಯವ ಸಂಯುಕ್ತ'ಗಳನ್ನೂ ತೋರಿಸುತ್ತವೆ. ಇದಕ್ಕೆ ಬಳಸುವುದು ಸಾಮಾನ್ಯವಾಗಿ ತವರದ ಆಕ್ಸೈಡಿನಂಥ ಲೋಹದ ಆಕ್ಸೈಡಿನ ತೆಳು ಪದರ. ಅದನ್ನು ಕಾಯಿಸಿದಾಗ ಮೇಲ್ಮೈಗೆ ತಾಗುವ ಅನಿಲಗಳಿಗೆ ಅನುಗುಣವಾಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಯಾವ ಅನಿಲ ಎಂದು ಗುರುತಿಸುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಕ್ಯಾನ್ಸರ್ ತರಬಲ್ಲ ಬೆಂಜೀನ್ ಇರಲಿ, ಕೈಗೆ ಹಚ್ಚುವ ಸ್ಯಾನಿಟೈಸರಿನ ಆಲ್ಕೊಹಾಲ್ ಇರಲಿ, ಅತ್ತರಿನ ಪರಿಮಳವಿರಲಿ, ಸಂವೇದಕ ಎಲ್ಲವನ್ನೂ ಒಂದೇ ಅಂಕಿಯಲ್ಲಿ ಕೂಡಿಸುತ್ತದೆ. ದೀಪ ಕೆಂಪಾಯಿತೆಂದರೆ ಏನೋ ಒಂದು ಆವಿ ಇದೆ ಎಂದಷ್ಟೇ ತಿಳಿಯಬಹುದು. ಅದು ವಿಷವೋ ಪರಿಮಳವೋ ಎಂದು ತಿಳಿಯುವುದಿಲ್ಲ.

ಇನ್ನೂ ಆಕ್ಷೇಪಾರ್ಹವಾದದ್ದು ಕೆಲವು ಅಗ್ಗದ ಮಾಪಕಗಳು ತೋರಿಸುವ 'ಸಮಾನ ಕಾರ್ಬನ್ ಡೈಆಕ್ಸೈಡ್' ಎಂಬ ಅಂಕಿ. ಹೆಸರನ್ನು ಓದಿದವರು ಅದು ಕಾರ್ಬನ್ ಡೈಆಕ್ಸೈಡಿನ ಅಳತೆ ಎಂದೇ ತಿಳಿಯುತ್ತಾರೆ. ವಾಸ್ತವವಾಗಿ ಆ ಸಾಧನದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಗ್ರಹಿಸುವ ಭಾಗವೇ ಇರುವುದಿಲ್ಲ. ಜನ ಸೇರಿದ ಕೋಣೆಯಲ್ಲಿ ಉಸಿರಿನಿಂದ ಬರುವ ಬೇರೆ ಆವಿಗಳೂ ಹೆಚ್ಚುತ್ತವೆ ಎಂಬ ತರ್ಕದ ಮೇಲೆ ಅವುಗಳಿಂದ ಕಾರ್ಬನ್ ಡೈಆಕ್ಸೈಡನ್ನು ಊಹಿಸಲಾಗುತ್ತದೆ. ಬಾಗಿಲು ತೆರೆದಿಟ್ಟ ಕೋಣೆಯಲ್ಲಿ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದರೂ ಅಂಕಿ ಏರುತ್ತದೆ! ಕಾರ್ಬನ್ ಡೈಆಕ್ಸೈಡನ್ನು ನಿಜವಾಗಿ ಅಳೆಯುವ ಅವಕೆಂಪು ಸಂವೇದಕಗಳು ಬೇರೆಯೇ ಇವೆ. ತರಗತಿಯ ಗಾಳಿಯಾಟವನ್ನು ತಿಳಿಯಲು ಮಾಪಕ ಕೊಳ್ಳುವ ಶಾಲೆಗಳು ಈ ವ್ಯತ್ಯಾಸವನ್ನು ತಪ್ಪದೆ ಗಮನಿಸಬೇಕು.

ಗಾಳಿ ಒಂದು, ಸೂಚ್ಯಂಕ ಎರಡು

ಸಂವೇದಕ ಪೂರ್ತಿ ಸರಿಯಾಗಿದೆ ಎಂದೇ ಇಟ್ಟುಕೊಳ್ಳೋಣ. ಅದರ ಅಂಕಿಯನ್ನು ಬಣ್ಣಕ್ಕೆ ಬದಲಾಯಿಸುವಾಗ ಮತ್ತೊಂದು ಸಮಸ್ಯೆ ಎದುರಾಗುತ್ತದೆ.

ಘನಮೀಟರಿಗೆ 60 ಮೈಕ್ರೊಗ್ರಾಮ್ ಪಿಎಂ 2.5 ಇರುವ ಗಾಳಿಯನ್ನು ತೆಗೆದುಕೊಳ್ಳಿ. ಭಾರತದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಇದಕ್ಕೆ 100 ಅಂಕ, ದರ್ಜೆ 'ತೃಪ್ತಿಕರ'. 2024ರಲ್ಲಿ ಪರಿಷ್ಕರಿಸಿದ ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿಗೆ ಸುಮಾರು 154 ಅಂಕ, ದರ್ಜೆ 'ಅನಾರೋಗ್ಯಕರ'. ಒಂದರಲ್ಲಿ ಹಸಿರಿನ ಛಾಯೆ, ಇನ್ನೊಂದರಲ್ಲಿ ಕೆಂಪು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ದಿನದ ಸರಾಸರಿ 15ನ್ನು ಮೀರಬಾರದು ಎನ್ನುತ್ತದೆ. ನಮ್ಮ 2009ರ ರಾಷ್ಟ್ರೀಯ ಮಾನಕದ ಪ್ರಕಾರ ದಿನದ ಮಿತಿ 60. ಹೊರದೇಶದ ಮಾಪಕವೊಂದನ್ನು ತರಿಸಿಕೊಂಡವರಿಗೆ ಅದರ ದೀಪ ಯಾವ ದೇಶದ ಪಟ್ಟಿಯಂತೆ ಬಣ್ಣ ಬದಲಿಸುತ್ತಿದೆ ಎಂಬುದು ತಿಳಿದಿರುತ್ತದೆಯೆ?

ಕಾಲದ ಪ್ರಶ್ನೆಯೂ ಇದೆ. ನಮ್ಮ ಸೂಚ್ಯಂಕದಲ್ಲಿ ಕಣಗಳಿಗೆ 24 ಗಂಟೆಗಳ ಸರಾಸರಿಯನ್ನು ಬಳಸಬೇಕು. ಅದಕ್ಕೆ ಕನಿಷ್ಠ 16 ಗಂಟೆಗಳ ದತ್ತಾಂಶ ಬೇಕು. ಕನಿಷ್ಠ ಮೂರು ಮಾಲಿನ್ಯಕಾರಕಗಳ ಮಾಹಿತಿ ಇರಬೇಕು. ಅವುಗಳಲ್ಲಿ ಒಂದು ಕಣಗಳದ್ದಾಗಿರಬೇಕು. ಧರಿಸುವ ಮಾಪಕವಾದರೋ ನಿಮಿಷ ನಿಮಿಷದ ಅಂಕಿಯನ್ನು ಅದೇ ಪಟ್ಟಿಗೆ ಹಾಕಿ ಬಣ್ಣ ತೋರಿಸುತ್ತದೆ. ಒಗ್ಗರಣೆಯ ಹೊಗೆಗೆ ಎರಡು ನಿಮಿಷ ಕೆಂಪಾಗುವ ದೀಪ ದಿನವಿಡೀ ಕೆಟ್ಟ ಗಾಳಿ ಉಸಿರಾಡಿದವನಿಗೆ ಕೊಡುವ ಎಚ್ಚರಿಕೆಯನ್ನೇ ಕೊಡುತ್ತದೆ. ಒಂದು ಓವರಿನಲ್ಲಿ 20 ರನ್ ಬಂತೆಂದು ಇಡೀ ಪಂದ್ಯದ ರನ್ ಸರಾಸರಿ 20 ಎಂದು ಬರೆದಂತೆ ಇದು.

ಗಾಳಿಯಿಂದ ದೇಹಕ್ಕೆ

ಈಗ ಜಾಹೀರಾತಿನ ಎರಡನೆಯ ಭಾಗಕ್ಕೆ ಬರೋಣ. ಗಾಳಿಯಲ್ಲಿ ಎಷ್ಟು ಮಾಲಿನ್ಯವಿದೆ ಎಂಬುದು ಒಂದು ಸಂಗತಿ. ಅದರಲ್ಲಿ ಎಷ್ಟು ದೇಹದೊಳಗೆ ಸೇರಿತು ಎಂಬುದು ಇನ್ನೊಂದು. ಸೇರಿದ್ದರಿಂದ ಏನಾಯಿತು ಎಂಬುದು ಮೂರನೆಯದು.

ಒಂದು ಸರಳ ಲೆಕ್ಕ ಮಾಡಿ. ಸುಮ್ಮನೆ ಕುಳಿತವನು ನಿಮಿಷಕ್ಕೆ ಸುಮಾರು 8 ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ, ಅಂದರೆ ಗಂಟೆಗೆ 0.48 ಘನಮೀಟರ್. ಗಾಳಿಯಲ್ಲಿ 60 ಮೈಕ್ರೊಗ್ರಾಮ್ ಇದ್ದರೆ ಗಂಟೆಯಲ್ಲಿ ಉಸಿರಿನೊಂದಿಗೆ ಒಳಹೋಗುವುದು ಸುಮಾರು 29 ಮೈಕ್ರೊಗ್ರಾಮ್. ಜೋರಾಗಿ ಸೈಕಲ್ ತುಳಿಯುವವನು ನಿಮಿಷಕ್ಕೆ 40 ಲೀಟರ್ ಎಳೆದುಕೊಳ್ಳುತ್ತಾನೆ ಎನ್ನಿ. ಅವನ ಸುತ್ತ 40 ಮೈಕ್ರೊಗ್ರಾಮ್ ಮಾತ್ರ ಇದ್ದರೂ ಗಂಟೆಗೆ 96 ಮೈಕ್ರೊಗ್ರಾಮ್ ಒಳಹೋಗುತ್ತದೆ. ಮಾಪಕದ ಪ್ರಕಾರ ಸೈಕಲ್ ಸವಾರನ ಗಾಳಿಯೇ ಉತ್ತಮ. ಒಳಹೋದ ಮೊತ್ತದ ಪ್ರಕಾರ ಅವನ ಪಾಲು ಮೂರು ಪಟ್ಟಿಗಿಂತ ಹೆಚ್ಚು. ಹಾಗೆಂದು ಸೈಕಲ್ ಬಿಡುವುದು ಒಳ್ಳೆಯದೆ? ಅದಕ್ಕೂ ಉತ್ತರ ಈ ಲೆಕ್ಕದಲ್ಲಿ ಇಲ್ಲ. ವ್ಯಾಯಾಮದ ಲಾಭವನ್ನು ಯಾವ ವಾಯುಮಾಪಕವೂ ಅಳೆಯುವುದಿಲ್ಲ.

ಅಳತೆ ಚೆನ್ನಾಗಿದ್ದಾಗಲೂ ಆರೋಗ್ಯದ ತೀರ್ಮಾನ ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ನೆರೆಯ ತಮಿಳುನಾಡು ಭಾಗವಹಿಸಿದ ಅಧ್ಯಯನವೇ ಸಾಕ್ಷಿ. ಭಾರತ, ಗ್ವಾಟೆಮಾಲ, ಪೆರು ಮತ್ತು ರುವಾಂಡಾಗಳಲ್ಲಿ ಸೌದೆ ಮೊದಲಾದ ಉರುವಲಿನಿಂದ ಅಡುಗೆ ಮಾಡುತ್ತಿದ್ದ 3200 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಡುಗೆ ಅನಿಲದ ಒಲೆ ಮತ್ತು ಅನಿಲವನ್ನು ಉಚಿತವಾಗಿ ಒದಗಿಸಲಾಯಿತು. ಭಾರತದಲ್ಲಿ ಈ ಕೆಲಸ ನಡೆಸಿದ್ದು ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆ. ಹೆಂಗಸರು ತೊಟ್ಟ ಮೇಲುಡುಪಿನಲ್ಲಿ ಸುಮಾರು 150 ಗ್ರಾಮ್ ತೂಕದ ಮಾಪಕವಿತ್ತು. ಅಂಗಡಿಯ ಮಾಪಕಕ್ಕೂ ಇದಕ್ಕೂ ಇದ್ದ ಮುಖ್ಯ ವ್ಯತ್ಯಾಸವೆಂದರೆ ಇದರಲ್ಲಿ ಬೆಳಕಿನ ಸಂವೇದಕದ ಜೊತೆಗೆ ಸೋಸುಕಾಗದವೂ ಇತ್ತು. ಕಾಗದವನ್ನು ಪ್ರಯೋಗಾಲಯದಲ್ಲಿ ತೂಗಿ ಬೆಳಕಿನ ಅಂಕಿಯನ್ನು ಸರಿಪಡಿಸುವುದು ಸಾಧ್ಯವಿತ್ತು.

2022ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಹಳೆಯ ಒಲೆಯ ಗುಂಪಿನಲ್ಲಿ ದಿನದ ಪಿಎಂ 2.5ರ ಮಧ್ಯಾಂಕ 70.7 ಮೈಕ್ರೊಗ್ರಾಮ್ ಇದ್ದರೆ ಅನಿಲ ಒಲೆಯ ಗುಂಪಿನಲ್ಲಿ 23.9 ಮಾತ್ರ. ಹೊಗೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಆದರೆ ಹುಟ್ಟಿದ ಶಿಶುಗಳ ಸರಾಸರಿ ತೂಕದಲ್ಲಿ ಕಂಡ ವ್ಯತ್ಯಾಸ ಸುಮಾರು 20 ಗ್ರಾಮ್. ಸಂಖ್ಯಾಶಾಸ್ತ್ರದ ಪ್ರಕಾರ ಅದು ಗಣನೀಯವಲ್ಲ. ಇದರರ್ಥ ಹೊಗೆ ನಿರಪಾಯಕಾರಿ ಎಂದಲ್ಲ. ಮಗುವಿನ ತೂಕವನ್ನು ತಾಯಿಯ ಪೋಷಣೆ, ಆಕೆಯ ಹಿಂದಿನ ಆರೋಗ್ಯ ಮುಂತಾದ ಅನೇಕ ಅಂಶಗಳು ನಿರ್ಧರಿಸುತ್ತವೆ, 23.9 ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಮೇಲೆಯೇ ಇದೆ. ಸಾವಿರಾರು ಜನರನ್ನು ಅಳೆದು, ವರ್ಷಗಟ್ಟಲೆ ದುಡಿದ ವಿಜ್ಞಾನಿಗಳೇ ಇಷ್ಟು ಎಚ್ಚರಿಕೆಯಿಂದ ಮಾತನಾಡುವಾಗ, ಒಬ್ಬ ವ್ಯಕ್ತಿಯ ಒಂದು ಗಂಟೆಯ ಅಂಕಿಯಿಂದ ಆರೋಗ್ಯದ ಭವಿಷ್ಯ ಹೇಳುವ ತೆರೆಯನ್ನು ನಾವು ಹೇಗೆ ನಂಬುವುದು?

ಎಲ್ಲಿ ಉಪಯುಕ್ತ?

ಇಷ್ಟೆಲ್ಲ ಹೇಳಿದ ಮೇಲೆ ಮಾಪಕವನ್ನು ಮೂಲೆಗೆಸೆಯಬೇಕೆ? ಖಂಡಿತ ಬೇಡ. ಅದರ ನಿಜವಾದ ಬಲ ಹೋಲಿಕೆಯಲ್ಲಿದೆ. 'ಇಲ್ಲಿ 54 ಇದೆ' ಎಂಬ ಅದರ ಮಾತು ಸಂಶಯಾಸ್ಪದ. 'ಅಲ್ಲಿಗಿಂತ ಇಲ್ಲಿ ಹೆಚ್ಚಿದೆ' ಎಂಬ ಮಾತು, ಹವಾಮಾನ ಒಂದೇ ರೀತಿ ಇದ್ದು ದೂಳಿನ ಬಗೆಯೂ ಹೆಚ್ಚು ಬದಲಾಗದಿದ್ದರೆ, ಬಹುಮಟ್ಟಿಗೆ ನಂಬಲರ್ಹ.

2019ರಲ್ಲಿ ಲಂಡನ್ನಿನಲ್ಲಿ ಐದು ಪ್ರಾಥಮಿಕ ಶಾಲೆಗಳ 250 ಮಕ್ಕಳು ಬೆನ್ನುಚೀಲದಲ್ಲಿ ಮಾಪಕ ಹೊತ್ತು ಒಂದು ವಾರ ಶಾಲೆಗೆ ಹೋಗಿಬಂದರು. ಚೀಲ ಸಿದ್ಧಪಡಿಸಿದ್ದು ಡೈಸನ್ ಕಂಪನಿ, ದತ್ತಾಂಶವನ್ನು ವಿಶ್ಲೇಷಿಸಿದ್ದು ಕಿಂಗ್ಸ್ ಕಾಲೇಜಿನ ವಿಜ್ಞಾನಿಗಳು. ಮುಖ್ಯರಸ್ತೆಯಲ್ಲಿ ನಡೆದುಬಂದ ಮಕ್ಕಳು ಒಳರಸ್ತೆಗಳಲ್ಲಿ ಬಂದವರಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ನೈಟ್ರೊಜನ್ ಡೈಆಕ್ಸೈಡಿಗೆ ಒಡ್ಡಿಕೊಂಡಿದ್ದರು. ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಅಳೆದದ್ದು ಒಬ್ಬರನ್ನಲ್ಲ, ನೂರಾರು ಜನರನ್ನು. ಕೇಳಿದ ಪ್ರಶ್ನೆ 'ಯಾವ ದಾರಿ ಮೇಲು?' ಎಂಬ ಹೋಲಿಕೆಯದು. ಉತ್ತರ ಬಂದಾಗ ಮಾಡಬಹುದಾದ ಕೆಲಸವೊಂದು ಕೈಯಳತೆಯಲ್ಲಿ ಇತ್ತು: ದಾರಿ ಬದಲಿಸುವುದು. ಅನೇಕ ಮಕ್ಕಳು ಹಾಗೆಯೇ ಮಾಡಲು ಒಪ್ಪಿದರು.

ಹೊಣೆ ಯಾರದು?

ಕೊನೆಯ ಆಕ್ಷೇಪ ತಂತ್ರಜ್ಞಾನದ್ದಲ್ಲ. ಮೈಮೇಲೆ ಧರಿಸುವ ಮಾಪಕ ಗಾಳಿಯ ಹೊಣೆಯನ್ನು ಸದ್ದಿಲ್ಲದೆ ಉಸಿರಾಡುವವನ ಹೆಗಲಿಗೆ ಹಾಕುತ್ತದೆ. ದೀಪ ಕೆಂಪಾದರೆ ಬೇರೆಡೆಗೆ ಹೋಗಿ ಎನ್ನುತ್ತದೆ. ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಸಂಚಾರ ಪೊಲೀಸ್ ಬೇರೆಡೆಗೆ ಹೋಗುವಂತಿಲ್ಲ. ಪಾದಚಾರಿ ಮಾರ್ಗದಲ್ಲಿ ಹೂ ಮಾರುವಾಕೆ, ಕಲ್ಲುಪುಡಿ ಘಟಕದ ಕೆಲಸಗಾರ, ಸೌದೆ ಒಲೆಯ ಮುಂದೆ ಕೂತ ಗೃಹಿಣಿ ಹೋಗುವಂತಿಲ್ಲ. ಸಾವಿರಾರು ರೂಪಾಯಿಯ ಮಾಪಕ ಕೊಳ್ಳಬಲ್ಲವರು ಕಿಟಕಿ ಮುಚ್ಚಿದ ಕಾರಿನಲ್ಲಿ ಹೋಗಬಲ್ಲವರೂ ಆಗಿರುತ್ತಾರೆ. ಅತಿ ಹೆಚ್ಚು ಹೊಗೆ ಕುಡಿಯುವವರ ಅಂಕಿ ಯಾರ ಫೋನಿನಲ್ಲೂ ಮೂಡುವುದಿಲ್ಲ.

ಗಾಳಿ ಶುದ್ಧವಾಗುವುದು ಮೂಲದಲ್ಲಿ ಹೊಗೆ ಕಡಿಮೆಯಾದಾಗ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಮಾನಕ ಜಾರಿಗೆ ಬಂದು ಇಂಧನದಲ್ಲಿನ ಗಂಧಕದ ಮಿತಿ ದಶಲಕ್ಷಕ್ಕೆ 50ರಿಂದ 10 ಭಾಗಕ್ಕೆ ಇಳಿಯಿತು. ಇದರ ಲಾಭ ಮಾಪಕ ಇದ್ದವರಿಗೂ ಇಲ್ಲದವರಿಗೂ ಒಂದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಉದ್ದೇಶವೂ ಸೌದೆಯನ್ನು ಉಳಿಸಿ ಅಡುಗೆಮನೆಯ ಹೊಗೆಯನ್ನು ಹೊರಹಾಕುವುದೇ ಆಗಿತ್ತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ. ಈ ಊರುಗಳ ನಾಗರಿಕರಿಗೆ ಮಾಪಕದ ಅಂಕಿ ಉಪಯೋಗಕ್ಕೆ ಬರಬೇಕಾದರೆ ಅದು ನಗರಪಾಲಿಕೆಯನ್ನು ಪ್ರಶ್ನಿಸಲು ಬಲ ಕೊಡುವಂತಿರಬೇಕು. ಕ್ಯಾಲಿಬ್ರೇಶನ್ ಇಲ್ಲದ ಅಂಕಿಗೆ ಆ ಬಲವಿಲ್ಲ. 'ನಿಮ್ಮ ಆಟಿಕೆಯನ್ನು ನಂಬುವುದು ಹೇಗೆ?' ಎಂಬ ಒಂದೇ ಮಾತಿಗೆ ಅದು ಬಿದ್ದುಹೋಗುತ್ತದೆ. ಆದ್ದರಿಂದ ನಿಖರತೆಯ ಪ್ರಶ್ನೆಯೇ ನ್ಯಾಯದ ಪ್ರಶ್ನೆಯೂ ಹೌದು.

ಶಿಕ್ಷಕರಿಗೆ ಕೆಲವು ಚಟುವಟಿಕೆಗಳು

ಶಾಲೆಗೆ ಇಂಥ ಮಾಪಕ ದೊರೆತಿದ್ದರೆ ಅದನ್ನು ಗಾಳಿಯ ಬಗ್ಗೆ ತೀರ್ಪು ಕೊಡಲು ಬಳಸುವುದಕ್ಕಿಂತ ಮೊದಲು ಅಳತೆಯ ಪಾಠಕ್ಕೆ ಬಳಸಿರಿ.

1. ಒಂದೇ ಮಾದರಿಯ ಎರಡು ಮಾಪಕಗಳನ್ನು ಅಕ್ಕಪಕ್ಕ ಇಟ್ಟು ಒಂದು ಗಂಟೆ ಕಾಲ ಐದೈದು ನಿಮಿಷಕ್ಕೆ ಅಂಕಿಗಳನ್ನು ಬರೆಯಿರಿ. ಎರಡರ ನಡುವಣ ಅಂತರ ಎಷ್ಟು? ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ಮುಂದೆ ಎಲ್ಲಿ ಕಂಡರೂ ಲೆಕ್ಕಕ್ಕೆ ಹಿಡಿಯಬೇಡಿ.

2. ಬಿಸಿನೀರಿನ ಪಾತ್ರೆಯಿಂದ ಏಳುವ ಹಬೆಯ ಬಳಿ, ಒದ್ದೆಯಾಗದಷ್ಟು ದೂರದಲ್ಲಿ, ಮಾಪಕವನ್ನು ಹಿಡಿಯಿರಿ. ದೂಳಿಲ್ಲದಿದ್ದರೂ ಅಂಕಿ ಏರುತ್ತದೆಯೆ? ಕಾರಣವನ್ನು ವಿದ್ಯಾರ್ಥಿಗಳೇ ಹೇಳಲಿ.

3. ಒಮ್ಮೆ ಅಂಗಿಯ ಹೊರಗೆ, ಒಮ್ಮೆ ಚೀಲದ ಒಳಗೆ ಇಟ್ಟು ಒಂದೇ ದಾರಿಯಲ್ಲಿ ನಡೆಯಿರಿ. ಧರಿಸುವ ಸ್ಥಾನದಿಂದ ಆಗುವ ವ್ಯತ್ಯಾಸವನ್ನು ನಕ್ಷೆಯಲ್ಲಿ ತೋರಿಸಿ.

4. ಹತ್ತಿರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವಿದ್ದರೆ ಅದರ ಆವರಣದ ಹೊರಗೆ ಒಂದು ದಿನ ಮಾಪಕವನ್ನು ಇರಿಸಿ, ಗಂಟೆಯ ಸರಾಸರಿಗಳನ್ನು ಕೇಂದ್ರ ಪ್ರಕಟಿಸುವ ಅಂಕಿಗಳೊಂದಿಗೆ ಹೋಲಿಸಿ. ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ ಸರಳರೇಖೆ ಎಳೆದರೆ ನಿಮ್ಮ ಊರಿಗೆ, ನಿಮ್ಮ ಮಾಪಕಕ್ಕೆ ಹೊಂದುವ ಒಂದು ಸ್ಥೂಲ ಸೂತ್ರ ದೊರೆಯುತ್ತದೆ.

ಮಾಪಕವನ್ನು ಇನ್ನೂ ಕೊಂಡಿಲ್ಲವೆ? ಹಾಗಿದ್ದರೆ ಮಾರುವವರಿಗೆ ನಾಲ್ಕು ಪ್ರಶ್ನೆ ಹಾಕಿ. ಇದನ್ನು ಯಾವ ಪ್ರಮಾಣಭೂತ ಉಪಕರಣದೊಂದಿಗೆ ತಾಳೆ ನೋಡಲಾಗಿದೆ? ದೋಷದ ಮಿತಿ ಎಷ್ಟು? ಬಣ್ಣ ಯಾವ ದೇಶದ ಸೂಚ್ಯಂಕದ್ದು, ಎಷ್ಟು ಹೊತ್ತಿನ ಸರಾಸರಿಯದ್ದು? ನಾವು ಓಡಾಡಿದ ಜಾಗಗಳ ಮಾಹಿತಿ ಯಾರ ಬಳಿ ಉಳಿಯುತ್ತದೆ? ಈ ನಾಲ್ಕಕ್ಕೂ ಉತ್ತರವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವ ತಯಾರಕರು ಬಂದ ದಿನ, ಈ ಸಾಧನವನ್ನು ಥರ್ಮಾಮೀಟರಿನ ಸಾಲಿನಲ್ಲಿ ಇಡಲು ಅಡ್ಡಿಯಿಲ್ಲ. ಅಲ್ಲಿಯವರೆಗೆ ಹಸಿರು ದೀಪವನ್ನು ನೋಡಿ ಉಬ್ಬಸದ ಮಗುವಿನ ಔಷಧವನ್ನು ಮನೆಯಲ್ಲಿ ಬಿಟ್ಟುಹೋಗುವುದಾಗಲಿ, ಕೆಂಪು ದೀಪವನ್ನು ನೋಡಿ ಆಟದ ಪೀರಿಯಡ್ಡನ್ನು ರದ್ದು ಮಾಡುವುದಾಗಲಿ ಸಲ್ಲದು. ಔಷಧದ ವಿಷಯದಲ್ಲಿ ವೈದ್ಯರ ಮಾತನ್ನು, ಊರಿನ ಗಾಳಿಯ ವಿಷಯದಲ್ಲಿ ಅಧಿಕೃತ ಕೇಂದ್ರದ ದಿನದ ಸರಾಸರಿಯನ್ನು ಅನುಸರಿಸುವುದೇ ಕ್ಷೇಮ.